ಓದುಗರ ಪ್ರಶ್ನೆ: ಬೆಲ್ಟ್‌ಗಿಂತ ಮೊದಲು ಮಾಸ್ಟರನ್ನು ನೋಡಿ

ಪ್ರಶ್ನೆ: ನಮ್ಮ ಮಗಳಿಗೆ ಒಂಬತ್ತು ವರ್ಷ. ಊರಿನಲ್ಲಿ ಕರಾಟೆ ಮತ್ತು ಟೇಕ್ವಾಂಡೋ ತರಗತಿಗಳು ನಡೆಯುತ್ತಿವೆ. ಎರಡೇ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಕೊಡಿಸುವುದಾಗಿ ಕರಾಟೆಯವರು ಹೇಳುತ್ತಾರೆ. ಮನೆಯ ಹಿರಿಯರು ಕೇರಳದ ಕಣ್ಣೂರಿನ ಕಡೆ ಕಳರಿಗೆ (ಅಲ್ಲಿನ ಸಾಂಪ್ರದಾಯಿಕ ಸಮರಕಲೆಗೆ) ಸೇರಿಸಿ ಎನ್ನುತ್ತಾರೆ. ಯಾವುದು ಒಳ್ಳೆಯದು? ಒಳ್ಳೆಯ ಮಾಸ್ಟರನ್ನು ಗುರುತಿಸುವುದು ಹೇಗೆ?
– ಓದುಗರು, ಗೋಣಿಕೊಪ್ಪ

ಉತ್ತರ: ಕಳರಿಪಯಟ್ಟು ಮೈಯನ್ನು ಹದಗೊಳಿಸುವ ಮೆಯ್ಪಯಟ್ಟಿನಿಂದ ಆರಂಭವಾಗಿ ವರ್ಷಗಳ ಅಭ್ಯಾಸದ ನಂತರ ಆಯುಧಗಳಿಗೆ ಬರುವ ಶ್ರೀಮಂತ ವಿದ್ಯೆ. ಆದರೆ ಕಣ್ಣೂರಿನ ದಾರಿಯ ಮಾಕುಟ್ಟ ಘಾಟಿ ಇಳಿದು ಹತ್ತಿ ವಾರಕ್ಕೆ ಮೂರು ದಿನ ಹೋಗಿಬರುವುದು ಶಾಲೆಗೆ ಹೋಗುವ ಮಗುವಿಗೆ ಸಾಧ್ಯವಾಗದು. ಟೇಕ್ವಾಂಡೋದಲ್ಲಿ ಕಾಲಿನ ಹೊಡೆತವೇ ಪ್ರಧಾನ, ಕರಾಟೆಯಲ್ಲಿ ಕೈಗೂ ಕಾಲಿಗೂ ಕೆಲಸವಿದೆ. ಮುಂದೆ ಸ್ಪರ್ಧೆಯ ಯೋಚನೆಯಿದ್ದರೆ, ಟೇಕ್ವಾಂಡೋ 2000ದ ಸಿಡ್ನಿ ಕೂಟದಿಂದ ಒಲಿಂಪಿಕ್ಸ್‌ನ ಪದಕದ ಕ್ರೀಡೆಯಾಗಿದೆ. ಕರಾಟೆಗೆ ಆ ಅವಕಾಶ ದೊರೆತದ್ದು 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಮಾತ್ರ. ಒಂಬತ್ತರ ವಯಸ್ಸಿನಲ್ಲಿ ಈ ವ್ಯತ್ಯಾಸಗಳಿಗಿಂತ ಕಲಿಸುವವರು ಯಾರೆಂಬುದೇ ಮುಖ್ಯ.

ಹಣ ಕಟ್ಟುವ ಮೊದಲು ಒಂದು ಪೂರ್ತಿ ತರಗತಿಯನ್ನು ಕುಳಿತು ನೋಡಿ. ಅದಕ್ಕೆ ಒಪ್ಪದವರಲ್ಲಿಗೆ ಮಗುವನ್ನು ಕಳುಹಿಸಬೇಡಿ. ಮುಂದಿನ ಸಾಲಿನ ಚುರುಕಾದ ಮಕ್ಕಳನ್ನಲ್ಲ, ಹಿಂದಿನ ಸಾಲಿನ ಹೊಸಬರನ್ನು ಗಮನಿಸಿ. ಅಡ್ಡ ಒದೆತ ಒದೆಯುವಾಗ ನೆಲದ ಮೇಲಿರುವ ಕಾಲಿನ ಹಿಮ್ಮಡಿ ಜೊತೆಗೇ ತಿರುಗದಿದ್ದರೆ ತಿರುಚುವ ಒತ್ತಡವೆಲ್ಲ ಮಂಡಿಗೆ ಬೀಳುತ್ತದೆ. ಅಂಥ ತಪ್ಪು ಕಂಡ ಕೂಡಲೇ ಹತ್ತಿರ ಬಂದು, ತಾನೇ ನಿಧಾನವಾಗಿ ಒದ್ದು ತೋರಿಸಿ, ಸರಿಯಾಗುವವರೆಗೆ ಆ ಮಗುವಿನ ಬಳಿಯೇ ನಿಲ್ಲುವವರು ಒಬ್ಬರು; ದೂರದಿಂದಲೇ ಎಣಿಕೆ ಕೂಗುತ್ತ ಸೀಟಿ ಊದುವವರು ಇನ್ನೊಬ್ಬರು. ಅರ್ಧ ಗಂಟೆಯಲ್ಲಿ ನಿಮಗೇ ಗೊತ್ತಾಗುತ್ತದೆ. (ವಾರ್ಷಿಕೋತ್ಸವದಲ್ಲಿ ಹೆಂಚು ಒಡೆದು ಚಪ್ಪಾಳೆ ಗಿಟ್ಟಿಸುವುದಕ್ಕೂ ಕಲಿಸುವುದಕ್ಕೂ ಸಂಬಂಧವಿಲ್ಲ.)

ಎರಡು ವರ್ಷದ ಭರವಸೆಯನ್ನು ನಾನು ನಂಬುವುದಿಲ್ಲ. ಕ್ರಮವಾಗಿ ಅಭ್ಯಾಸ ಮಾಡಿದವರಿಗೂ ಕರಾಟೆಯಲ್ಲಿ ಸಾಮಾನ್ಯವಾಗಿ ನಾಲ್ಕೈದು ವರ್ಷ ಬೇಕು. ಟೇಕ್ವಾಂಡೋದಲ್ಲಂತೂ ಕೊರಿಯಾದ ಕುಕ್ಕಿವಾನ್ ಸಂಸ್ಥೆ ಹದಿನೈದು ವರ್ಷ ತುಂಬದ ಮಕ್ಕಳಿಗೆ ಬ್ಲ್ಯಾಕ್ ಬೆಲ್ಟ್‌ನ ಬದಲು ‘ಪೂಮ್’ ಎಂಬ ಪ್ರತ್ಯೇಕ ದರ್ಜೆಯನ್ನು ನೀಡುತ್ತದೆ. ಪ್ರತಿ ಬೆಲ್ಟ್ ಪರೀಕ್ಷೆಯ ಶುಲ್ಕವೆಷ್ಟು, ಪ್ರಮಾಣಪತ್ರ ಯಾವ ಸಂಘದ್ದು ಎಂಬುದನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ, ಏಕೆಂದರೆ ಕರಾಟೆಯಲ್ಲಿ ಒಂದು ಸಂಘದ ಬೆಲ್ಟನ್ನು ಇನ್ನೊಂದು ಸಂಘ ಒಪ್ಪಬೇಕೆಂದಿಲ್ಲ.

ನಮ್ಮ ಕೊಡಗು ಜಿಲ್ಲೆಯಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ತರಗತಿ ಎಲ್ಲಿ? ಮೈದಾನ ಬಿಟ್ಟು ಸಭಾಭವನದ ಟೈಲ್ಸ್ ನೆಲಕ್ಕೆ ಬಂದಾಗ, ಒದ್ದೆ ಪಾದಗಳಲ್ಲಿ ಮಕ್ಕಳು ಜಾರುತ್ತಾರೆ. ಮ್ಯಾಟ್ ಇರಲೇಬೇಕು, ಅದು ಬೂಷ್ಟು ಹಿಡಿಯದಂತೆ ಒರೆಸಿ ಒಣಗಿಸುವವರೂ ಇರಬೇಕು. ಎದುರಾಳಿಯೊಡನೆ ಆಡಿಸುವಾಗ ತೂಕಕ್ಕೆ ತಕ್ಕ ಜೋಡಿ, ತಲೆಗೂ ಹಲ್ಲಿಗೂ ರಕ್ಷಣೆ ಕಡ್ಡಾಯ.

ಪೋಷಕರು ಒಳಗೆ ಕೂರಬಾರದೆಂಬ ನಿಯಮ, ಬಾಗಿಲು ಮುಚ್ಚಿ ಒಬ್ಬಳಿಗೇ ನಡೆಸುವ ವಿಶೇಷ ಅಭ್ಯಾಸ, ಮಗುವಿಗೆ ನೇರವಾಗಿ ಬರುವ ಫೋನ್ ಸಂದೇಶ, ಇವುಗಳಲ್ಲಿ ಯಾವುದೊಂದು ಕಂಡರೂ ಸಂಕೋಚಪಡದೆ ಬಿಡಿಸಿಬಿಡಿ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಪ್ರಶ್ನೆ: ನನಗೆ ನಲವತ್ತೈದು, ಕಾಫಿ ಬೆಳೆಗಾರ. ಹಾಕಿ ಆಡುತ್ತಿದ್ದಾಗ ಆದ ಮಂಡಿನೋವು ಇನ್ನೂ ಇದೆ. ಈಗ ಕರಾಟೆ ಆರಂಭಿಸಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ವಯಸ್ಸು ಅಡ್ಡಿಯಲ್ಲ. ವಡಗರದ ಮೀನಾಕ್ಷಿ ಅಮ್ಮನವರು 2017ರಲ್ಲಿ ಪದ್ಮಶ್ರೀ ಪಡೆದಾಗ ಎಪ್ಪತ್ತು ದಾಟಿದ್ದರೂ ಕಳರಿ ಕಲಿಸುತ್ತಿದ್ದರು. ಆದರೆ ಅವರು ಎಳವೆಯಲ್ಲೇ ಆರಂಭಿಸಿದವರೆಂಬುದನ್ನು ಮರೆಯಬೇಡಿ. ನಿಮ್ಮ ವಿಷಯದಲ್ಲಿ ಮೊದಲು ಮೂಳೆ ವೈದ್ಯರು ಮಂಡಿಯನ್ನು ನೋಡಲಿ. ನಂತರ ಆರು ತಿಂಗಳು ಕಾಳಗದ ಅಭ್ಯಾಸ ಬೇಡ, ಆಳವಾಗಿ ಕುಳಿತು ನಿಲ್ಲುವ ಭಂಗಿಯನ್ನು ಎತ್ತರಿಸಿಯೇ ಕಲಿಸಿ ಎಂದು ಮಾಸ್ಟರಿಗೆ ಹೇಳಿ. ಅದಕ್ಕೆ ನಕ್ಕರೆ ಬೇರೆಯವರನ್ನು ಹುಡುಕಿ. ಕೊಯ್ಲಿನ ದಣಿವಿನಲ್ಲಿ ಸೇರಿ ವಾರದಲ್ಲೇ ಬಿಡುವುದಕ್ಕಿಂತ, ಕಾಫಿ ಒಣಗಿಸುವ ಕೆಲಸ ಮುಗಿದ ಮೇಲೆ ಸೇರುವುದು ಲೇಸು.