ಯಾವ ಭರತನಿಂದ ಭಾರತ?

ಪ್ರಶ್ನೆ: ಸರ್, ದುಷ್ಯಂತ–ಶಕುಂತಲೆಯರ ಮಗ ಭರತನಿಂದ ದೇಶಕ್ಕೆ ‘ಭಾರತ’ ಅನ್ನುವ ಹೆಸರು ಬಂತು ಅಂತ ಶಾಲೆಯಲ್ಲಿ ಓದಿದ್ದೆ. ಮೊನ್ನೆ ಶ್ರವಣಬೆಳಗೊಳಕ್ಕೆ ಹೋದಾಗ ಗೈಡ್ ಒಬ್ಬರು ಬಾಹುಬಲಿಯ ಅಣ್ಣ ಭರತನಿಂದ ಬಂತು ಅಂದರು. ಯಾವುದು ಸರಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಗೈಡ್ ಸುಮ್ನೆ ಹೇಳಿದ್ದಲ್ಲ. ಮೊದಲ ತೀರ್ಥಂಕರ ಋಷಭನಾಥನ ಹಿರಿಯ ಮಗ ಭರತ ಚಕ್ರವರ್ತಿಯಿಂದ ಈ ಹೆಸರು ಬಂತು ಅನ್ನುವುದು ಜೈನರ ನಂಬಿಕೆ. ಭಾಗವತದ ಐದನೇ ಸ್ಕಂಧವೂ ಋಷಭನ ಮಗ ಭರತನನ್ನೇ ಹೇಳುತ್ತದೆ. ಇದು ಬಹಳ ಜನರ ಗಮನಕ್ಕೆ ಬಂದಿಲ್ಲ. ನಿಮ್ಮ ಶಾಲೆಯ ಪಾಠಕ್ಕೆ ಮಹಾಭಾರತದ ಆದಿಪರ್ವದ ಆಧಾರವಿದೆ. ಕಾಳಿದಾಸನ ನಾಟಕದಲ್ಲಿ ಸಿಂಹದ ಮರಿಯ ಬಾಯಿ ತೆರೆಸಿ ಹಲ್ಲು ಎಣಿಸಲು ಹೊರಡುವ ಪುಟ್ಟ ಹುಡುಗನೂ ಆ ಭರತನೇ.

ಇವೆರಡೂ ಪುರಾಣದ ಮಾತು. ಇನ್ನೂ ಹಿಂದಕ್ಕೆ, ಋಗ್ವೇದಕ್ಕೆ ಹೋದರೆ ‘ಭರತರು’ ಅನ್ನುವ ಒಂದು ಕುಲವೇ ಕಾಣುತ್ತದೆ. ಅವರ ಅರಸ ಸುದಾಸ, ಇವತ್ತಿನ ರಾವಿ ನದಿಯ ದಡದಲ್ಲಿ ಹತ್ತು ಅರಸರ ಕೂಟವನ್ನು ಸೋಲಿಸಿದ. ಒಡಿಶಾದ ಉದಯಗಿರಿಯಲ್ಲಿರುವ, ಕಳಿಂಗದ ಅರಸ ಖಾರವೇಲನ ಹಾಥಿಗುಂಫಾ ಶಾಸನ ಕ್ರಿಸ್ತಪೂರ್ವದ್ದು. ಅಷ್ಟು ಹೊತ್ತಿಗೆ ಭರತರ ಹೆಸರು ನಾಡಿನ ಹೆಸರಾಗಿ ಕಲ್ಲಿನ ಮೇಲೆ ಕೂತಿದೆ. ಹಾಗಾಗಿ ಒಬ್ಬನೇ ಭರತನಿಗೆ ಈ ಹೆಸರನ್ನು ಬರೆದುಕೊಡಲು ನನಗೆ ಮನಸ್ಸಿಲ್ಲ. ರಾಮನ ತಮ್ಮ ಭರತ, ನಾಟ್ಯಶಾಸ್ತ್ರದ ಭರತಮುನಿ ಇಬ್ಬರೂ ಬೇರೆಯೇ.

ಆದರೆ ಕನ್ನಡದವರಾಗಿ ನಾವು ಹೆಚ್ಚು ಹತ್ತಿರದಿಂದ ನೋಡಬೇಕಾದವನು ಬಾಹುಬಲಿಯ ಅಣ್ಣನೇ. ಪಂಪ 941ರಲ್ಲಿ ಬರೆದ ‘ಆದಿಪುರಾಣ’ದಲ್ಲಿ ಒಂದು ಪ್ರಸಂಗವಿದೆ. ತರಗತಿಯಲ್ಲಿ ಅದನ್ನು ಪಾಠ ಮಾಡುವಾಗಲೆಲ್ಲ ನನ್ನ ದನಿ ತಾನಾಗಿ ತಗ್ಗುತ್ತಿತ್ತು. ದಿಗ್ವಿಜಯ ಮುಗಿಸಿದ ಭರತ ತನ್ನ ಹೆಸರು ಕೆತ್ತಿಸಲು ವೃಷಭಾಚಲಕ್ಕೆ ಬರುತ್ತಾನೆ. ತನ್ನಂಥವನು ಇನ್ನೊಬ್ಬನಿಲ್ಲ ಅಂದುಕೊಂಡೇ ಬಂದವನು. ನೋಡಿದರೆ ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಹೊಗಳಿಕೆಯ ಬರಹಗಳು! ಬರೆಯಲು ಜಾಗವೇ ಇಲ್ಲ. ಗರ್ವ ಅಲ್ಲೇ ಇಳಿದುಹೋಗುತ್ತದೆ. ಆದರೂ ಒಬ್ಬ ಹಳೆಯ ಅರಸನ ಬರಹ ಅಳಿಸಿ ತನ್ನದನ್ನು ಬರೆಸುತ್ತಾನೆ. ಪಂಪ ಅವನನ್ನು ಅಲ್ಲಿಗೇ ಒಳ್ಳೆಯವನನ್ನಾಗಿ ಮಾಡಿಬಿಡಲಿಲ್ಲ ಅನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಆಮೇಲೆ ತಾನೇ ತಮ್ಮನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ? ಮೂರರಲ್ಲೂ ಸೋತವನು ಅಣ್ಣ.

ಹದಿನಾರನೇ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿ ಇದೇ ಭರತನನ್ನು ‘ಭರತೇಶ ವೈಭವ’ದ ನಾಯಕನನ್ನಾಗಿ ಮಾಡಿದ. ಅವನ ಭರತ ಅರಮನೆಯ ಸುಖದ ನಡುವೆ ಇದ್ದೂ ಯೋಗಿ. ಕಾವ್ಯ ಸಾಂಗತ್ಯ ಅನ್ನುವ ಛಂದಸ್ಸಿನಲ್ಲಿದೆ, ಹಾಡಿಕೊಂಡೇ ಓದಬಹುದು.

ಮುಂದಿನ ಸಲ ಬೆಳಗೊಳಕ್ಕೆ ಹೋದಾಗ ಬಾಹುಬಲಿ ನಿಂತಿರುವ ದೊಡ್ಡಬೆಟ್ಟ ನೋಡಿ ಹೊರಟುಬಿಡಬೇಡಿ, ಚಿಕ್ಕಬೆಟ್ಟವನ್ನೂ ಹತ್ತಿ. ಅಲ್ಲಿ ಭರತನ ವಿಗ್ರಹವಿದೆ. ಬಹಳ ಜನ ಅವನನ್ನು ನೋಡದೆಯೇ ವಾಪಸ್ ಬರುತ್ತಾರೆ.