ಹಿತ್ತಾಳೆ ತಂಬಿಗೆಯ ದೀಪಕ್ಕೆ ಮೂರನೆಯ ತಂತಿ ಬೇಕೇ?

ಪ್ರಶ್ನೆ: ಅಜ್ಜಿಯ ಕಾಲದ ಹಿತ್ತಾಳೆ ತಂಬಿಗೆಯ ಪಕ್ಕಕ್ಕೆ ರಂಧ್ರ ಕೊರೆದು, ಬಾಯಿಗೆ ಹೋಲ್ಡರ್ ಕೂರಿಸಿ, ಮೇಲೆ ಬೆಟಗೇರಿಯ ಕೈಮಗ್ಗದ ಬಟ್ಟೆ ಸುತ್ತಿ ಮೇಜಿನ ದೀಪ ಮಾಡುತ್ತಿದ್ದೇನೆ. ವೈರಿಂಗ್ ನನಗೆ ಹೊಸದು. ಬಲ್ಬು 9 ವ್ಯಾಟಿನ ಎಲ್‌ಇಡಿ ಆದ್ದರಿಂದ ಎರಡು ಪಿನ್ನಿನ ಪ್ಲಗ್ ಸಾಕೆಂದು ಗೆಳೆಯರು ಹೇಳುತ್ತಾರೆ. ಅದು ಸರಿಯೇ?
— ಓದುಗರೊಬ್ಬರು, ಗದಗ

ಉತ್ತರ: ಸಾಲದು. ನಿಮ್ಮ ಬಲ್ಬು ಎಳೆಯುವುದು ಸುಮಾರು 0.04 ಆಂಪಿಯರ್ ಮಾತ್ರ, ಹಾಗಾಗಿ ವೈರು ಬಿಸಿಯಾಗದು ಎಂಬಷ್ಟಕ್ಕೆ ಗೆಳೆಯರ ಮಾತು ನಿಜ. ಆದರೆ ಬಲ್ಬು ಎಷ್ಟೇ ಚಿಕ್ಕದಿರಲಿ, ಹೋಲ್ಡರಿಗೆ ಬರುವುದು ಪೂರ್ತಿ 230 ವೋಲ್ಟು, ಮತ್ತು ಫೇಸ್ ತಂತಿಯ (ಕರೆಂಟು ತರುವ ತಂತಿ) ಒಂದೇ ಒಂದು ಎಳೆ ಹೊರಚಾಚಿ ಒಳಗೋಡೆಗೆ ತಾಗಿದರೂ ಇಡೀ ತಂಬಿಗೆಯೇ ಶಾಕ್ ಹೊಡೆಯುತ್ತದೆ. ಲೋಹದ ಮೈಗೆ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಮೂರನೆಯ ತಂತಿ, ಇರಲೇಬೇಕು.

ಆದ್ದರಿಂದ 0.75 ಚದರ ಮಿ.ಮೀ.ನ ಒಳಗೆ ಮೂರು ತಂತಿಗಳಿರುವ ಫ್ಲೆಕ್ಸಿಬಲ್ ವೈರು, 6 ಆಂಪಿಯರಿನ ಮೂರು ಪಿನ್ನಿನ ಪ್ಲಗ್ ತನ್ನಿರಿ. ಅರ್ಥಿಂಗಿನದಾದ ಹಸಿರು ಅಥವಾ ಹಸಿರು-ಹಳದಿ ತಂತಿಯ ಒಂದು ತುದಿಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೆ ಸೇರಿಸಿ, ಇನ್ನೊಂದು ತುದಿಗೆ ಲಗ್ (ಬೋಲ್ಟು ತೂರುವ ಲೋಹದ ಉಂಗುರ) ಒತ್ತಿ, ತಂಬಿಗೆಯ ಒಳಮೈಯನ್ನು ಒಂದು ಕಡೆ ಮರಳು ಕಾಗದದಿಂದ ಹೊಳಪು ಬರುವಷ್ಟು ಉಜ್ಜಿ, ನಟ್ಟು-ಬೋಲ್ಟಿನಿಂದ ಅಲ್ಲಿಗೆ ಬಿಗಿಯಿರಿ. ಕಿಲುಬಿನ ಮೇಲೆ ಬಿಗಿದರೆ ಸಂಪರ್ಕ ಸರಿಯಾಗಿ ಕೂಡದು. ಈ ತಂತಿಯನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಟ್ಟರೆ, ಯಾರಾದರೂ ವೈರನ್ನು ಜಗ್ಗಿದಾಗ ಅದು ಕೊನೆಗೆ ಕಳಚುತ್ತದೆ. ಸ್ವಿಚ್ ಫೇಸ್ ತಂತಿಯ ಮೇಲೆಯೇ ಇರಲಿ. ತಿರುಪಿನ ಹೋಲ್ಡರ್ ಆದರೆ ಫೇಸ್ ನಡುವಿನ ತಗಡಿಗೆ ಹೋಗಬೇಕು, ಸುತ್ತಲಿನ ತಿರುಪಿಗಲ್ಲ. ಎರಡು ಪಿನ್ನಿನ ಬಲ್ಬಿನ ಹೋಲ್ಡರಿನಲ್ಲಿ ಈ ಗೊಂದಲವೇ ಇಲ್ಲ.

ಹೊಸಬರು ಹೆಚ್ಚಾಗಿ ಎಡವುವುದು ರಂಧ್ರದಲ್ಲಿ. ಡ್ರಿಲ್ ಮಾಡಿದ ಹಿತ್ತಾಳೆಯ ಅಂಚು ಬ್ಲೇಡಿನಂತಿರುತ್ತದೆ, ದೀಪವನ್ನು ಸರಿಸಿದಾಗಲೆಲ್ಲ ವೈರಿನ ಹೊದಿಕೆಯನ್ನು ಕೆರೆಯುತ್ತದೆ. ಅಂಚನ್ನು ದುಂಡು ಅರದಿಂದ ನಯಮಾಡಿ, ರಬ್ಬರ್ ಗ್ರೋಮೆಟ್ (ರಂಧ್ರದ ಅಂಚನ್ನು ಮುಚ್ಚುವ ಬಳೆ) ಕೂರಿಸಿ, ಜಗ್ಗಿದರೆ ಭಾರ ತಿರುಪುಗಳ ಮೇಲೆ ಬೀಳದಂತೆ ವೈರನ್ನು ಒಳಗಡೆ ಕ್ಲಿಪ್ಪಿನಿಂದ ಹಿಡಿಸಿರಿ. ತಂಬಿಗೆಯೊಳಗೆ ಟೇಪು ಸುತ್ತಿದ ಜಾಯಿಂಟ್ ಬೇಡ.

ಪ್ಲಗ್ ಹಾಕುವ ಮುನ್ನ ಬಲ್ಬು ತೆಗೆದು, ಸ್ವಿಚ್ ಆನ್ ಮಾಡಿ, ಮಲ್ಟಿಮೀಟರನ್ನು ಬೀಪ್ ಗುರುತಿಗೆ ತಿರುಗಿಸಿರಿ. ದಪ್ಪ ಪಿನ್ನಿಗೂ ತಂಬಿಗೆಗೂ ನಡುವೆ ಅದು ಕೂಗಬೇಕು. ಉಳಿದೆರಡು ಪಿನ್ನುಗಳಿಂದ ತಂಬಿಗೆಗೆ ಕೂಗಿದರೆ ಬಿಚ್ಚಿ ಮತ್ತೆ ನೋಡಬೇಕು.

ಹಳೆಯ ಮನೆಗಳಲ್ಲಿ ಸಾಕೆಟ್ಟಿನ ಮೂರನೆಯ ತೂತು ಹಲವೆಡೆ ಬರೀ ತೋರಿಕೆಯದು, ಹಿಂದೆ ತಂತಿಯೇ ಇರುವುದಿಲ್ಲ. ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ರಿಂದ ಅದನ್ನು ಪರೀಕ್ಷಿಸಿಕೊಳ್ಳಿರಿ. ಅರ್ಥಿಂಗ್ ಇಲ್ಲವಾದರೆ, ಅದನ್ನು ಹಾಕಿಸುವವರೆಗೆ ತಂಬಿಗೆಯನ್ನು ಬದಿಗಿಟ್ಟು, ಪ್ಲಾಸ್ಟಿಕ್ ಹೋಲ್ಡರನ್ನು ಮಣ್ಣಿನ ಕುಡಿಕೆಯ ಮೇಲೆ ಕೂರಿಸಿಕೊಳ್ಳಬಹುದು.