1967ರ ಕೆನಡಾ 1 ಡಾಲರ್ ನೋಟಿನಲ್ಲಿ ನಂಬರೇ ಇಲ್ಲ, ಇದು ಅಪರೂಪದ್ದಾ? ಇಂಥ ಸಣ್ಣ ನೋಟು ಕೂಡಿಡಲು ಎಲ್ಲಿಂದ ಶುರು ಮಾಡಲಿ?

ಅಪರೂಪದ್ದಲ್ಲ. ನಿಮ್ಮ ಮಾವ ಕೆನಡಾದಿಂದ ತಂದ ಆ ನೋಟಿನಲ್ಲಿ ಸೀರಿಯಲ್ ನಂಬರ್ ಜಾಗದಲ್ಲಿ 1867, 1967 ಅಂತ ಇದೆ ಎಂದಿದ್ದೀರಿ. ಕೆನಡಾ ಒಕ್ಕೂಟಕ್ಕೆ ನೂರು ವರ್ಷ ತುಂಬಿದಾಗ ಬಂದ ನೋಟದು. ಮಾಮೂಲಿ ನಂಬರ್ ಇರುವುದನ್ನೂ ಅಚ್ಚು ಹಾಕಿದರು, ನೆನಪಿಗೆ ಇಟ್ಟುಕೊಳ್ಳುವವರಿಗೆ ಅಂತ ಈ ಇಸವಿಯ ನೋಟನ್ನೂ ಹಾಕಿದರು. ಜನ ಜೋಪಾನವಾಗಿ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟಿದ್ದು ಈಗ ಎಲ್ಲರ ಹತ್ತಿರವೂ ಇದೆ, ಅಲ್ವಾ? ಆನ್‌ಲೈನ್‌ನಲ್ಲಿ ಸಾವಿರಾರು ರೂಪಾಯಿ ಕೇಳುವವರನ್ನು ಸುಮ್ನೆ ಬಿಟ್ಟುಬಿಡಿ.

ಆದರೆ ಶುರು ಮಾಡಲು 1 ಡಾಲರ್ ನೋಟು ಒಳ್ಳೆಯ ಆಯ್ಕೆ. ನಾನು ಟೊರೊಂಟೊ ಕಡೆ ಇದ್ದೇನೆ, 1 ಮತ್ತು 2 ಡಾಲರ್ ಬಿಟ್ಟು ಬೇರೆ ನೋಟಿಗೆ ಕೈ ಹಾಕುವುದಿಲ್ಲ. 1987ರಲ್ಲಿ 1 ಡಾಲರ್ ನಾಣ್ಯ ಬಂತು, 1989ಕ್ಕೆ ಆ ನೋಟು ನಿಂತಿತು. 1996ರಲ್ಲಿ 2 ಡಾಲರ್ ನೋಟಿಗೂ ಅದೇ ಗತಿ. ಅಂದರೆ ಪಟ್ಟಿಗೆ ಒಂದು ಕೊನೆ ಇದೆ, ಜೇಬಿಗೂ ಭಾರವಲ್ಲ.

ನನಗೆ ತುಂಬಾ ಇಷ್ಟವಾದದ್ದು 1954ರ ಸರಣಿ. ರಾಣಿ ಎಲಿಜಬೆತ್ ಚಿತ್ರವನ್ನು ಯೂಸುಫ್ ಕಾರ್ಶ್ ತೆಗೆದ ಫೋಟೊ ನೋಡಿ ಕೆತ್ತಿದ್ದರು. ಕಿವಿಯ ಹಿಂದಿನ ಗುಂಗುರು ಕೂದಲಿನಲ್ಲಿ ಹಲ್ಲು ಕಿರಿಯುವ ದೆವ್ವದ ಮುಖ ಕಾಣುತ್ತದೆ ಅಂತ ಜನ ದೂರು ಹೇಳತೊಡಗಿದರು. ಕೆತ್ತಿದವರ ತಪ್ಪೇನಿರಲಿಲ್ಲ, ಫೋಟೊದಲ್ಲಿ ಬೆಳಕು ಬಿದ್ದಿದ್ದೇ ಹಾಗೆ. 1956ರ ಹೊತ್ತಿಗೆ ಆ ಕೂದಲನ್ನು ಕಪ್ಪು ಮಾಡಿ ಅಚ್ಚು ತಿದ್ದಿದರು. ಸಂಗ್ರಹಕಾರರು ತಿದ್ದುವ ಮೊದಲಿನದನ್ನು ಡೆವಿಲ್ಸ್ ಫೇಸ್ ಅನ್ನುತ್ತಾರೆ. ಮುಖ ಕಾಣದೆ ಕಣ್ಣು ನೋಯಿಸಿಕೊಳ್ಳುತ್ತಿದ್ದರೆ ಸಹಿ ನೋಡಿ: ಕೊಯ್ನ್ ಮತ್ತು ಟವರ್ಸ್ ಸಹಿ ಇದ್ದರೆ ಅದು ಮೊದಲಿನದೇ. ಟವರ್ಸ್ 1954ರ ಕೊನೆಗೇ ಕೆನಡಾದ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಕೆನಡಾದ ಗವರ್ನರ್ ಹುದ್ದೆ ಬಿಟ್ಟಿದ್ದರು. ಬೀಟಿ ಮತ್ತು ಕೊಯ್ನ್ ಸಹಿ ಎರಡರಲ್ಲೂ ಬರುತ್ತದೆ, ಅಲ್ಲಿ ಕೂದಲನ್ನೇ ನೋಡಬೇಕು. ನಂಬರಿನ ಮುಂದೆ ನಕ್ಷತ್ರದ ಗುರುತಿದ್ದರೆ ಅದು ಹಾಳಾದ ನೋಟಿನ ಬದಲಿಗೆ ಸೇರಿಸಿದ್ದು, ಬೆಲೆ ಜಾಸ್ತಿ.

1935ರದ್ದು ಸ್ವಲ್ಪ ದುಬಾರಿ. ಬ್ಯಾಂಕ್ ಆಫ್ ಕೆನಡಾದ ಮೊದಲ ಸರಣಿಯಲ್ಲಿ ಇಂಗ್ಲಿಷ್ ನೋಟು ಬೇರೆ, ಫ್ರೆಂಚ್ ನೋಟು ಬೇರೆ. ಫ್ರೆಂಚ್ ಕಡಿಮೆ ಇರುವುದರಿಂದ ಅದಕ್ಕೆ ಬೇಡಿಕೆ. 1937ರಿಂದ ಎರಡೂ ಭಾಷೆ ಒಂದೇ ನೋಟಿಗೆ ಬಂದವು. ಅಗ್ಗಕ್ಕೆ ಚೆಂದದ್ದು ಬೇಕಾ? 1974ರ 2 ಡಾಲರ್ ನೋಟು ತಗೊಳ್ಳಿ. ಬ್ಯಾಫಿನ್ ದ್ವೀಪದ ಇನ್ಯೂಟ್ ಮೂಲನಿವಾಸಿ ಬೇಟೆಗಾರರು ಕಯಾಕ್ ದೋಣಿ ಸಜ್ಜು ಮಾಡುತ್ತಿರುವ ಚಿತ್ರ ಹಿಂದಿದೆ.

ಇನ್ನೂ ಚಿಕ್ಕದು ಬೇಕೆಂದರೆ ಶಿನ್‌ಪ್ಲಾಸ್ಟರ್ ಇದೆ, ಅಂದರೆ 25 ಸೆಂಟಿನ ಪುಟ್ಟ ನೋಟು. ಆಗ ಅಮೆರಿಕದ ಬೆಳ್ಳಿ ನಾಣ್ಯ ಕೆನಡಾದ ತುಂಬಾ ಓಡಾಡುತ್ತಿತ್ತು. ಅದನ್ನು ಹೊರಗೆ ಕಳಿಸಿ, ಸ್ವಂತ ನಾಣ್ಯ ಬರುವ ತನಕ ಇರಲಿ ಅಂತ ಹಣಕಾಸು ಸಚಿವ ಫ್ರಾನ್ಸಿಸ್ ಹಿಂಕ್ಸ್ 1870ರಲ್ಲಿ ಇದನ್ನು ತಂದರು. ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಲು ಸುಲಭ, ಜನ ಬಿಡಲಿಲ್ಲ. ಹಾಗಾಗಿ 1900ರಲ್ಲಿ, ಮತ್ತೆ 1923ರಲ್ಲಿ ಹೊಸದು ಬಂತು. ಕೊನೆಯ ಎರಡರಲ್ಲಿ ಒಂದನ್ನು ಕೊಳ್ಳಿ. 1870ರದ್ದರಲ್ಲಿ ಎ ಅಕ್ಷರ ಇರುವುದು ಕಷ್ಟದ್ದು, ಈಗಲೇ ಬೇಡ.

ಬೆಲೆ ನಿಲ್ಲುವುದು ನೋಟಿನ ಸ್ಥಿತಿಯ ಮೇಲೆ. ಒಂದು ಮಡಿಕೆ ಬಿದ್ದರೂ ಇಳಿಯುತ್ತದೆ. ದಯವಿಟ್ಟು ತೊಳೆಯಬೇಡಿ, ಇಸ್ತ್ರಿ ಹಾಕಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ (ನಮ್ಮವರಿಗೆ ಏನು ಸಿಕ್ಕರೂ ಲ್ಯಾಮಿನೇಷನ್ ಮಾಡಿಸುವ ಹುಚ್ಚು). ಪಿವಿಸಿ ಕವರ್ ಬೇಡ, ಪಾಲಿಯೆಸ್ಟರ್ ಕವರ್ ಸಾಕು. ಕೊಳ್ಳುವ ಮುಂಚೆ ಎರಡೂ ಬದಿಯ ಫೋಟೊ ಕೇಳಿ, ಬೆಳಕಿಗೆ ಹಿಡಿದದ್ದನ್ನೂ ಕೇಳಿ. ಒತ್ತಿ ನೇರ ಮಾಡಿದ ಮಡಿಕೆ, ಸೂಜಿ ತೂತು ಅಲ್ಲಿ ಬಯಲಾಗುತ್ತವೆ.

ಮಾವನ ನೋಟಿನಿಂದ ಅಂಗಡಿಯಲ್ಲಿ ಏನಾದರೂ ಕೊಳ್ಳಬಹುದಾ ಅಂತಲೂ ಕೇಳಿದ್ದೀರಿ. 2021ರ ಜನವರಿ 1ರಿಂದ 1 ಮತ್ತು 2 ಡಾಲರ್ ನೋಟಿಗೆ ಆ ಮಾನ್ಯತೆ ಇಲ್ಲ. ಆದರೆ ಬ್ಯಾಂಕ್ ಆಫ್ ಕೆನಡಾ ಮುಖಬೆಲೆ ಕೊಟ್ಟು ವಾಪಸ್ ತೆಗೆದುಕೊಳ್ಳುತ್ತದೆ. 1 ಡಾಲರ್‌ಗೋಸ್ಕರ ಅಂಚೆ ಖರ್ಚು ಯಾಕೆ, ಆಲ್ಬಮ್‌ಗೆ ಅದನ್ನೇ ಮೊದಲು ಸೇರಿಸಿ.